ಬೀದರ ಸೀಮೆಯಲ್ಲಿ ಪ್ರಜಾಧಿಕಾರದ ಹೋರಾಟ

ಬೀದರವೆಂದೊಡನೆ ಬಹಮನೀ ಸುಲ್ತಾನರ ಕೆಂಗಲ್ಲಿನ ಕೋಟೆಯೂ ಮಹಮೂದ ಗಾವಾನನು ಕಟ್ಟಿಸಿದ ಮದರಸೆಯೂ ವಾಚಕರ ಕಣ್ಣಿದಿರು ಬಂದು ನಿಲ್ಲುವವು. ಅದೇ ಜಿಲ್ಲೆಯ ಕಲ್ಯಾಣವೆಂದೊಡನೆ, ೧೨ನೆಯ ಶತಮಾನದಲ್ಲಿ ಶರಣರು ಜಾತಿಕುಲಗಳ ಹಂಗನ್ನು ತೊರೆದು ಕೂಡಿ ಕುಳಿತು ಅನುಭವಗೋಷ್ಠಿ ನಡೆಯಿಸಿದ ಪುಣ್ಯಸ್ಮರಣೆಯು ಭಕ್ತರ ಮನದಲ್ಲಿ ಮೂಡುವದು. ರಾಜನ ಮಂತ್ರಿಯೂ ಕಾಯಕದ ಬಡವನೂ ಸರಿಸಮನಾಗಿ ಕುಳಿತು ಮಾತನಾಡಿದ ನೆಲವಿದು. ಈ ನೆಲದಲ್ಲಿಯೇ ಎಂಟು ಶತಮಾನಗಳ ತರುವಾಯ ಊರವರು ನೆರೆದು ಒಂದು ಸಭೆ ಮಾಡಬೇಕಾದರೂ ಸರಕಾರದ ಅಪ್ಪಣೆಯನ್ನು ಬೇಡುವ ಕಾಲ ಬಂದಿತೆಂಬುದು ಕಾಲವಿಪರ್ಯಾಸವೇ ಸರಿ. ಆ ಅಪ್ಪಣೆಯ ಸಂಕೋಲೆಯನ್ನು ಕಳಚಲು ನಮ್ಮ ಹಿರಿಯರು ಪಟ್ಟ ಪಾಡನ್ನು ಈ ಮಹೋತ್ಸವದ ಸಂದರ್ಭದಲ್ಲಿ ನೆನೆಯುವದು ಉಚಿತವೆಂದು ಭಾವಿಸಿ, ತಿಳಿದಷ್ಟನ್ನು ಸದ್ಭಕ್ತರ ಮುಂದಿಡುತ್ತೇವೆ.

ಹೈದರಾಬಾದ ಸಂಸ್ಥಾನವು ಸುಮಾರು ೮೨,೦೦೦ ಚದರ ಮೈಲುಗಳ ವಿಸ್ತಾರವುಳ್ಳದ್ದಾಗಿತ್ತು. ೧೯೪೧ರ ಜನಗಣತಿಯ ಮೇರೆಗೆ ಅಲ್ಲಿಯ ಪ್ರಜೆಗಳು ೧ ಕೋಟಿ ೬೩ ಲಕ್ಷ. ಅವರಲ್ಲಿ ಹೆಚ್ಚಿನವರು ತೆಲುಗು, ಮರಾಠಿ ಮತ್ತು ಕನ್ನಡಗಳನ್ನು ನುಡಿಯುವವರಾದರೂ ಕಚೇರಿ, ನ್ಯಾಯಾಲಯ, ಉಚ್ಚ ವಿದ್ಯೆ ಇವೆಲ್ಲವುಗಳ ಭಾಷೆ ಉರ್ದು. ೧೯೧೧ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನೇ ಕಾಯಿದೆ. ಅದನ್ನು ಪ್ರಶ್ನಿಸುವ ಅಧಿಕಾರವುಳ್ಳ ಪ್ರಜಾಸಭೆಯೊಂದು ಇರಲಿಲ್ಲ. ಇದಲ್ಲದೆ ಜಹಗೀರು, ಪಾಯಗಾ, ನಿಜಾಮರ ಸ್ವಂತದ ಸರ್ಫೇಖಾಸ್ ಎಂಬ ವಿಭಾಗಗಳಿಂದಾಗಿ ರೈತನ ತಲೆಯ ಮೇಲೆ ಒಬ್ಬರಲ್ಲ, ಇಬ್ಬರು ಮೂವರು ಒಡೆಯರಿರುತ್ತಿದ್ದರು. ಭಾಲ್ಕಿ ಅಥವಾ ಔರಾದದ ಒಕ್ಕಲಿಗನಿಗೆ ತನ್ನ ಹೊಲದ ಕಾಗದದಲ್ಲಿ ಏನು ಬರೆದಿದೆಯೆಂಬುದನ್ನು ಅರಿಯಲು ಇನ್ನೊಬ್ಬರ ಬಾಯಿಯೇ ಗತಿಯಾಗಿತ್ತು. ಪರಾಧೀನತೆಯು ಆತನಿಗೆ ದೊಡ್ಡ ತತ್ತ್ವವಾಗಿ ಅಲ್ಲ, ಓದಲಾಗದ ಒಂದು ಕಾಗದವಾಗಿ ಮೊದಲು ಗೋಚರಿಸಿತು.

ಪ್ರಜೆಗಳ ಬಾಯಿ ಕಟ್ಟಿದ ಆಜ್ಞೆಗಳಲ್ಲಿ 'ಗಸ್ತಿ ನಿಶಾನ್ ೫೩' ಎಂಬ ಸುತ್ತೋಲೆಯು ಪ್ರಸಿದ್ಧವಾದುದು. ಅದರ ಮೇರೆಗೆ ಸಾರ್ವಜನಿಕ ಸಭೆ ನಡೆಯಿಸಲು ಮುಂಚಿತವಾಗಿ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬೇಕಾಗಿತ್ತು. ಖಾಸಗಿ ಶಾಲೆ ತೆರೆಯಲೂ ಇಂಥದೇ ನಿರ್ಬಂಧವಿತ್ತು. ಸಭೆ ಹಾಗೂ ಶಾಲೆ ಇವೆರಡನ್ನೂ ಆಳುವವರು ಏಕಕಾಲಕ್ಕೆ ಅಂಜಿದ್ದರಲ್ಲಿ ಅರ್ಥವಿದೆ. ಅಕ್ಷರ ಬಲ್ಲವನು ಕಾಗದ ಓದುವನು, ಓದಿದವನು ಕೇಳುವನು, ಕೇಳುವವರು ನಾಲ್ವರು ಕೂಡಿದರೆ ಅದೇ ಸಭೆಯಾಗುವದು.

ಆದಕಾರಣ ಈ ಸೀಮೆಯ ಪ್ರಜಾಹೋರಾಟದ ಇತಿಹಾಸವನ್ನು ಶಾಲೆಯಿಂದಲೇ ಆರಂಭಿಸುವದು ನ್ಯಾಯ. ಔರಾದ ಭಾಗದ ಕಮಲನಗರದಲ್ಲಿ ೧೮೯೦ರಲ್ಲಿ ಜನಿಸಿ ಭಾಲ್ಕಿ ಹಿರೇಮಠದ ಪೀಠವನ್ನು ಅಲಂಕರಿಸಿದ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಸಂಗತಿಯು ಈ ಭಾಗದಲ್ಲಿ ಮನೆಮಾತಾಗಿರುವದು. ಜೋಳಿಗೆ ಹಿಡಿದು ಬೇಡಿ ತಂದ ಧಾನ್ಯದಿಂದ ವಿದ್ಯಾರ್ಥಿಗಳ ಪ್ರಸಾದ ನಡೆಯುತ್ತಿತ್ತು. ಇದು ರಾಜಕಾರಣವಲ್ಲವೆಂದು ಯಾರಾದರೂ ಅಂದಾರು. ಆದರೆ ತಾಯಿನುಡಿಯಲ್ಲಿ ಓದಬಲ್ಲ ಒಂದು ತಲೆಮಾರನ್ನು ಸಿದ್ಧಪಡಿಸದೆ ಪ್ರಜಾಧಿಕಾರವು ಯಾರ ಕೈಗೆ ಬಂದೀತು? ೧೯೯೯ರಲ್ಲಿ ಶ್ರೀಗಳವರು ಲಿಂಗೈಕ್ಯರಾಗುವಷ್ಟರಲ್ಲಿ ಆ ಪ್ರಶ್ನೆಗೆ ಅವರ ಬಾಳೇ ಉತ್ತರವಾಗಿದ್ದಿತು.

೧೯೩೮ನೆಯ ಇಸವಿಯು ಈ ಹೋರಾಟದಲ್ಲಿ ಮರೆಯಲಾಗದ ವರ್ಷ. ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸನ್ನು ಅದು ವಿಧಿವತ್ತಾಗಿ ಸ್ಥಾಪನೆಗೊಳ್ಳುವ ಮೊದಲೇ ಸರಕಾರವು ನಿಷೇಧಿಸಿತು. ಹೊಣೆಗಾರ ಸರಕಾರ ಬೇಕೆಂದು ಅದೇ ಅಕ್ಟೋಬರದಲ್ಲಿ ಸತ್ಯಾಗ್ರಹ ಹೂಡಿದವರು ಸೆರೆಮನೆಗೆ ನಡೆದರು. ಅವರಲ್ಲಿ ಮುಂದಾಳಾದ ಸ್ವಾಮಿ ರಮಾನಂದ ತೀರ್ಥರು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದ ಸಂನ್ಯಾಸಿಗಳೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ಇತ್ತ ಬೀದರ ಜಿಲ್ಲೆಯ ಹಳ್ಳಿಖೇಡದ ಬನ್ಸಿಲಾಲ ಮತ್ತು ಶ್ಯಾಮಲಾಲ ಸೋದರರು ಆರ್ಯಸಮಾಜದ ಮುಖಾಂತರ ಧರ್ಮಾಚರಣೆಯ ಸ್ವಾತಂತ್ರ್ಯಕ್ಕಾಗಿ ದುಡಿಯುತ್ತಿದ್ದರು. ಶ್ಯಾಮಲಾಲರು ಆ ವರ್ಷದ ಡಿಸೆಂಬರದಲ್ಲಿ ಬೀದರದ ಸೆರೆಮನೆಯಲ್ಲಿಯೇ ಪ್ರಾಣಬಿಟ್ಟರು. ೧೯೩೯ರಲ್ಲಿ ದೇಶದ ನಾನಾ ಪ್ರಾಂತಗಳಿಂದ ಆರ್ಯಸಮಾಜದ ಸತ್ಯಾಗ್ರಹಿಗಳು ಬಂದು ನಿಜಾಮರ ಸೆರೆಮನೆಗಳನ್ನು ತುಂಬಿದರು.

ಅದೇ ೧೯೩೯ರಲ್ಲಿ ಸರಕಾರವು ಕೆಲವು ಸುಧಾರಣೆಗಳನ್ನು ಸಾರಿತಾದರೂ ಅವುಗಳಲ್ಲಿ ಊರೂರಿನ ಪ್ರಜೆಗಳಿಗೆಲ್ಲ ಮತವಿರಲಿಲ್ಲ. ವೃತ್ತಿಗಳ ಲೆಕ್ಕದಿಂದ ಆರಿಸಿ ಬಂದವರಿಗೂ ಮಂತ್ರಿಗಳನ್ನು ಇಳಿಸುವ ಅಧಿಕಾರವಿರಲಿಲ್ಲ. ಸ್ಟೇಟ್ ಕಾಂಗ್ರೆಸ್ಸಿನ ಮೇಲಣ ನಿಷೇಧವು ೧೯೪೬ರಲ್ಲಿ ತೆರವಾಯಿತು. ೧೯೪೭ರ ಆಗಸ್ಟ ೧೫ರಂದು ದೇಶವೆಲ್ಲ ಧ್ವಜವೇರಿಸಿ ನಲಿದಾಗ ಈ ಸಂಸ್ಥಾನದಲ್ಲಿ ಆ ಧ್ವಜವನ್ನೇರಿಸುವದೇ ಅಪರಾಧವಾಗಿದ್ದಿತು. ರಮಾನಂದ ತೀರ್ಥರು ಬಂಧನಕ್ಕೊಳಗಾದರು. ವಿದ್ಯಾರ್ಥಿಗಳು ಕಾಲೇಜುಗಳನ್ನೂ ಅನೇಕ ವಕೀಲರು ನ್ಯಾಯಾಲಯಗಳನ್ನೂ ತೊರೆದರು.

ಇಲ್ಲಿ ಬೀದರ ಸೀಮೆಯ ಒಂದು ವಿಶೇಷ ಸಂಕಟವನ್ನು ವಾಚಕರು ಗಮನಿಸಬೇಕು. ಕೊಪ್ಪಳ, ರಾಯಚೂರು ಕಡೆಯವರು ಗಡಿ ದಾಟಿ ಮುಂಬಯಿ ಪ್ರಾಂತದ ಗದಗ ಮೊದಲಾದ ಊರುಗಳನ್ನು ಸೇರಿ ಶಿಬಿರ ಹೂಡಬಹುದಾಗಿತ್ತು. ಬೀದರ, ಭಾಲ್ಕಿ, ಔರಾದಗಳ ಸುತ್ತಲೂ ನಿಜಾಮರ ಸೀಮೆಯೇ. ಸೋಲಾಪುರವನ್ನು ಮುಟ್ಟಬೇಕಾದರೆ ಉಸ್ಮಾನಾಬಾದ ಇಲ್ಲವೆ ಕಲಬುರ್ಗಿ ಜಿಲ್ಲೆಯನ್ನು ಹಾಯ್ದು ಹೋಗಬೇಕು. ಓಡಲು ಹತ್ತಿರದಲ್ಲಿ ಎಡೆಯಿಲ್ಲದ ಈ ಜನರ ಮೇಲೆ ಲಾತೂರಿನ ವಕೀಲ ಕಾಸಿಮ್ ರಜ್ವಿಯ ರಜಾಕಾರರು ಎರಗಿದರು. ಈಗಿನ ಬಸವಕಲ್ಯಾಣ ತಾಲೂಕಿನ ಗೋರ್ಟಾದಲ್ಲಿ ೧೯೪೮ರ ಮೇ ತಿಂಗಳಲ್ಲಿ ನಡೆದ ಕಗ್ಗೊಲೆಯಲ್ಲಿ ಸುಮಾರು ೨೦೦ ಮಂದಿ ಮಡಿದರೆಂದು ಹೇಳುವರು. ನೆರೆಯ ಹಳ್ಳಿಗಳಿಂದ ಆಸರೆಗಾಗಿ ಬಂದವರೂ ಅವರಲ್ಲಿದ್ದರು.

೧೯೪೮ರ ಸಪ್ಟೆಂಬರ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ೧೭ರ ನಸುಕಿನಲ್ಲಿ ಅದು ಬೀದರವನ್ನು ಹೊಕ್ಕಿತು. ಅಂದೇ ನಿಜಾಮರು ಮಣಿದರು. ಹಳ್ಳಿಹಳ್ಳಿಗಳಲ್ಲಿ ಜನರು ನೆಮ್ಮದಿಯ ಉಸಿರು ಬಿಟ್ಟರು.

ಇತಿಹಾಸವನ್ನು ಇಲ್ಲಿಗೆ ನಿಲ್ಲಿಸಿದರೆ ಕೇಳುವವರಿಗೆ ಹಿತ. ಆದರೆ ಸತ್ಯವನ್ನು ಅರ್ಧಕ್ಕೆ ಬಿಡುವದು ಶರಣಮಾರ್ಗವಲ್ಲ. ಆ ಸೈನಿಕ ಕಾರ್ಯಾಚರಣೆಯ ಬೆನ್ನಿಗೇ ಅನೇಕ ಊರುಗಳಲ್ಲಿ ರಜಾಕಾರರ ಸಂಬಂಧವೇ ಇಲ್ಲದ ಮುಸಲ್ಮಾನರ ಮೇಲೆ ಸೇಡಿನ ಹಿಂಸೆ ನಡೆಯಿತು. ಭಾರತ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಬೀದರ, ಕಲಬುರ್ಗಿ, ಉಸ್ಮಾನಾಬಾದ ಮತ್ತು ನಾಂದೇಡ ಜಿಲ್ಲೆಗಳು ಹೆಚ್ಚಾಗಿ ನೊಂದವೆಂದೂ, ಒಟ್ಟು ಸತ್ತವರು ೨೭,೦೦೦ದಿಂದ ೪೦,೦೦೦ದವರೆಗೆ ಇರಬಹುದೆಂದೂ ಅಂದಾಜು ಮಾಡಿತು. ಆ ವರದಿಯು ದಶಕಗಳ ಕಾಲ ಬೆಳಕು ಕಾಣಲಿಲ್ಲ. ಗೋರ್ಟಾದ ಅನಾಥ ಮಗುವಿನ ಕಣ್ಣೀರಿಗೂ ಆ ಬಳಿಕ ಅನಾಥವಾದ ಮಗುವಿನ ಕಣ್ಣೀರಿಗೂ ಭೇದವೆಣಿಸುವವನು ದಯೆಯ ಹೆಸರನ್ನು ಎತ್ತಲಾಗದು.

ಹಾಗಾದರೆ ಹೋರಾಟವು ಯಾರ ವಿರುದ್ಧವಾಗಿತ್ತು? ಒಂದು ಮತದ ವಿರುದ್ಧವೆಂದು ಹೇಳುವವರುಂಟು. ಅಂಥವರು ಶೋಯಬುಲ್ಲಾ ಖಾನರನ್ನು ನೆನೆಯಬೇಕು. ಹೈದರಾಬಾದದಲ್ಲಿ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯನ್ನು ನಡೆಯಿಸುತ್ತಿದ್ದ ಆ ತರುಣ ಸಂಪಾದಕರು ರಜಾಕಾರರನ್ನು ಖಂಡಿಸಿ, ಸಂಸ್ಥಾನವು ಭಾರತದಲ್ಲಿ ಸೇರಬೇಕೆಂದು ಬರೆದುದಕ್ಕಾಗಿ ೧೯೪೮ರ ಆಗಸ್ಟದಲ್ಲಿ ಕೊಲೆಗೀಡಾದರು. ಉರ್ದು ಭಾಷೆಯು ಆಳುವವರದಾಗಿದ್ದಂತೆ ಆಳುವವರನ್ನು ಪ್ರಶ್ನಿಸಿದವರದೂ ಆಗಿದ್ದಿತು. ಆದುದರಿಂದ ಹೋರಾಟವು ಕೇಳುವವರಿಲ್ಲದ ಅಧಿಕಾರದ ವಿರುದ್ಧ ನಡೆದದ್ದೇ ಹೊರತು ನೆರೆಮನೆಯವನ ವಿರುದ್ಧವಲ್ಲ.

೧೯೪೯ರ ನವೆಂಬರದಲ್ಲಿ ನಿಜಾಮರು ಭಾರತದ ಸಂವಿಧಾನವನ್ನು ಅಂಗೀಕರಿಸಿದರು. ೧೯೫೨ರ ಚುನಾವಣೆಯಲ್ಲಿ ಬೀದರ, ಭಾಲ್ಕಿ, ಔರಾದಗಳ ಗಂಡಸರೂ ಹೆಂಗಸರೂ ಮೊದಲ ಸಲ ವಯಸ್ಕ ಮತದಾನದ ಹಕ್ಕನ್ನು ಪಡೆದರು. ಹೆಬ್ಬೆಟ್ಟಿನವನಿಗೂ ವಕೀಲನಿಗೂ ಒಂದೊಂದೇ ಮತ. ೧೯೫೬ರಲ್ಲಿ ಭಾಷಾವಾರು ಪ್ರಾಂತಗಳು ರಚನೆಗೊಂಡಾಗ ಹಳೆಯ ಬೀದರ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಕನ್ನಡನಾಡನ್ನು ಸೇರಿದವು. ೨೦೧೯ರಲ್ಲಿ ಈ ಭಾಗಕ್ಕೆ 'ಕಲ್ಯಾಣ ಕರ್ನಾಟಕ'ವೆಂಬ ಹೆಸರೂ ಬಂದಿತು.

ಹೆಸರು ದೊಡ್ಡದು, ಅದನ್ನು ಸಲ್ಲಿಸುವ ಹೊಣೆಯೂ ದೊಡ್ಡದು. ಸಭೆ ಸೇರಲು ಇಂದು ನಾವು ನಮ್ಮ ಹಿರಿಯರಂತೆ ಅಂಜಬೇಕಾಗಿಲ್ಲ. ಆದರೆ ಗ್ರಾಮಸಭೆ ಕರೆದಾಗ ಬಾರದಿರುವದೂ, ಮತವನ್ನು ಹಣಕ್ಕೆ ಮಾರುವದೂ, ಎದುರಾಡುವವನ ಬಾಯಿ ಮುಚ್ಚಿಸುವದೂ ಆ ಸುತ್ತೋಲೆಯನ್ನು ನಮ್ಮ ಕೈಯಿಂದಲೇ ಮರಳಿ ಬರೆದಂತೆ. ಫಲಕದ ಹಿಂದೆ ಅಡಗಿ ಅಕ್ಷರ ಕಲಿತ ಮಕ್ಕಳ ಋಣವನ್ನು ತೀರಿಸುವ ದಾರಿ ಒಂದೇ: ಶರಣರಂತೆ ಕೂಡಿ ಕುಳಿತು, ಬಡವನ ಮಾತಿಗೂ ಕಿವಿಗೊಟ್ಟು, ನ್ಯಾಯವನ್ನು ನಡೆಯಿಸುವದು. ಆ ಬುದ್ಧಿಯು ಭಕ್ತಸಮೂಹಕ್ಕೆ ಸದಾ ಇರಲೆಂದು ಬಸವಾದಿ ಶರಣರಲ್ಲಿ ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.