ಸುಣ್ಣದ ಲೆಕ್ಕ: ಹುಣಸೂರಿನ ಚರ್ಮದ ತೊಟ್ಟಿ, ಹತ್ತನೇ ಕ್ಲಾಸಿನ ಮೊದಲ ಪಾಠ



ಸ್ವಲ್ಪ ಉದ್ದದ ಪೋಸ್ಟ್, ಪುರುಸೊತ್ತು ಮಾಡ್ಕೊಂಡು ಓದಿ. ನಿಮ್ಮಲ್ಲಿ ವಿಜ್ಞಾನ ಹೇಳಿಕೊಡೋ ಮೇಷ್ಟ್ರು, ಮೇಡಂಗಳು ಇದ್ದರೆ ಖಂಡಿತ ಓದಿ.

ಹತ್ತನೇ ತರಗತಿ ವಿಜ್ಞಾನ ಪುಸ್ತಕದ ಮೊದಲ ಪಾಠ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’. ಮೆಗ್ನೀಸಿಯಂ ಪಟ್ಟಿ ಉರಿಸೋದರಿಂದ ಶುರುವಾಗುತ್ತೆ. ನಾಲ್ಕಾರು ಪುಟ ದಾಟಿದರೆ ಸುಣ್ಣ ಬರುತ್ತೆ. ಬೀಕರಿನಲ್ಲಿ ಸುಟ್ಟ ಸುಣ್ಣ ಹಾಕಿ, ನೀರು ಬಿಡಿ, ಬೀಕರ್ ಬಿಸಿಯಾಯ್ತಾ ಮುಟ್ಟಿ ನೋಡಿ. ಆಮೇಲೆ ಅದೇ ಸುಣ್ಣ ಗೋಡೆಗೆ ಬಳಿದರೆ ಎರಡು ಮೂರು ದಿನಕ್ಕೆ ಹೊಳಪು ಯಾಕೆ ಬರುತ್ತೆ ಅನ್ನೋ ವಿವರಣೆ. ಅಲ್ಲಿ ಗೋಡೆ ಇದೆ, ಸುಣ್ಣ ಸುಡೋರಿಲ್ಲ. ಸುಣ್ಣದ ನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿ ತಲೆಮಾರುಗಟ್ಟಲೆ ಬದುಕಿದ ಜನರಂತೂ ಇಲ್ಲವೇ ಇಲ್ಲ.

ಹನಗೋಡು ಕಡೆಯ ಕೇರಿ, ಹಾಡಿಗಳಿಂದ ಬರೋ ಮಕ್ಕಳು ಓದೋದೂ ಇದೇ ಪಾಠ. ಅವರಿಗೆ ಯಾರೂ ಹೇಳದ ಒಂದು ವಿಷಯ ಇದೆ. ಇದೇ ತಾಲ್ಲೂಕಿನ ಹುಣಸೂರು ಪಟ್ಟಣದಲ್ಲಿ ಒಂದು ಕಾಲಕ್ಕೆ ಸರ್ಕಾರಿ ಚರ್ಮ ಹದ ಮಾಡುವ ಕಾರ್ಖಾನೆ ಇತ್ತು. ಮದ್ರಾಸ್ ಸೈನ್ಯದ ಕಮಿಸರಿಯಟ್ ಇಲಾಖೆಯದು. ಜೊತೆಗೆ ಕಂಬಳಿ ಕಾರ್ಖಾನೆ, ಮರದ ಡಿಪೋ. ಅಮೃತಮಹಲ್ ದನಗಳ ಕೇಂದ್ರವೂ ಹುಣಸೂರೇ. 1864ರ ಹೊತ್ತಿಗೆ ಸೈನ್ಯದ ಈ ಕಾರ್ಖಾನೆಗಳನ್ನು ಮುಚ್ಚಿದರು. ಮುಚ್ಚಿದ ಮೇಲೂ ಇಲ್ಲಿನ ಕಸುಬುದಾರರ ಕೈಗುಣ ಉಳೀತು ಅಂತ ಹಳೇ ಗೆಜೆಟಿಯರ್ ಬರೆಯುತ್ತೆ. ಆದರೆ ಗೆಜೆಟಿಯರಿಗೆ ದನದ ತಳಿಯ ಹೆಸರು ಗೊತ್ತು, ಕೈಗುಣ ಇದ್ದವರ ಹೆಸರು ಗೊತ್ತಿಲ್ಲ.

ಹಳೇ ಮೈಸೂರು ಸೀಮೆಯಲ್ಲಿ ಚರ್ಮ ಹದ ಮಾಡೋದು ಯಾರ ತಲೆಗೆ ಕಟ್ಟಿದ ಕೆಲಸ ಅಂತ ಬಿಡಿಸಿ ಹೇಳಬೇಕಿಲ್ಲ. ಮಾದಿಗರ ತಲೆಗೆ. ಆ ಕೆಲಸದೊಳಗೆ ಏನೇನು ನಡೀತಿತ್ತು ನೋಡೋಣ.

ಮೊದಲು ಸುಣ್ಣದ ಕಲ್ಲು ಸುಡಬೇಕು. ಶುದ್ಧವಾದ 100 ಕೆ.ಜಿ. ಕಲ್ಲನ್ನು ಪೂರಾ ಸುಟ್ಟರೆ ಕೈಗೆ ಸಿಗೋದು 56 ಕೆ.ಜಿ. ಸುಟ್ಟ ಸುಣ್ಣ. ಉಳಿದ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಯ್ತು. ಆ 56ಕ್ಕೆ 18 ಕೆ.ಜಿ. ನೀರು ಸೇರಿದರೆ 74 ಕೆ.ಜಿ. ಅರಳಿದ ಸುಣ್ಣ. ಗೋಡೆಗೆ ಬಳಿದಾಗ ಅದು ಗಾಳಿಯಿಂದ ಮತ್ತೆ ಅದೇ 44ನ್ನು ಹೀರಿಕೊಂಡು, 18 ನೀರನ್ನು ಬಿಟ್ಟುಕೊಟ್ಟು, ಪುನಃ 100 ಕೆ.ಜಿ. ಕಲ್ಲಾಗುತ್ತೆ. ಎಲ್ಲೂ ಒಂದು ಗ್ರಾಂ ಮಾಯವಾಗಿಲ್ಲ. ಕ್ಯಾಲ್ಸಿಯಂ 40, ಇಂಗಾಲ 12, ಆಮ್ಲಜನಕ 16, ಜಲಜನಕ 1, ಇಷ್ಟು ಗೊತ್ತಿದ್ದರೆ ಈ ಲೆಕ್ಕವನ್ನು ಯಾವ ಹುಡುಗಿ ಬೇಕಾದರೂ ಬೋರ್ಡಿನ ಮೇಲೆ ಮಾಡಬಹುದು. ಪಿಯುಸಿಯಲ್ಲಿ ಇದಕ್ಕೇ ಸ್ಟಾಯ್ಕಿಯೋಮೆಟ್ರಿ ಅಂತ ಹೆಸರಿಟ್ಟು ಹೆದರಿಸ್ತಾರೆ. ಯಾವುದು ಎಷ್ಟು ಹಾಕಿದರೆ ಯಾವುದು ಎಷ್ಟು ಬರುತ್ತೆ ಅನ್ನೋ ಲೆಕ್ಕ, ಅಷ್ಟೇ.

ಈಗ ತೊಟ್ಟಿ. ಒಂದು ಲೀಟರ್ ನೀರಿನಲ್ಲಿ ಕರಗೋ ಅರಳಿದ ಸುಣ್ಣ ಎರಡು ಗ್ರಾಂಗೂ ಕಮ್ಮಿ. 1000 ಲೀಟರ್ ತೊಟ್ಟಿಗೆ ಎರಡು ಕೆ.ಜಿ.ಯೂ ಕರಗಲ್ಲ. ಹಾಗಾದರೆ ಅಷ್ಟೊಂದು ಸುಣ್ಣ ಸುರಿಯೋದು ದಂಡವಾ? ಅಲ್ಲ. ಕರಗಿದ್ದು ಚರ್ಮದ ಮೇಲೆ ಕೆಲಸ ಮಾಡಿ ಖರ್ಚಾದಂತೆ ತಳದಲ್ಲಿ ಕೂತಿದ್ದು ಕರಗಿ ಆ ಜಾಗ ತುಂಬುತ್ತೆ. ಅದಕ್ಕೇ ತೊಟ್ಟಿಯನ್ನು ಆಗಾಗ ಕದಡ್ತಾ ಇರಬೇಕು. ಬೇಗ ತೆಗೆದರೆ ಕೂದಲು ಬಿಡಲ್ಲ, ತಡ ಮಾಡಿದರೆ ಚರ್ಮವೇ ಸಡಿಲವಾಗಿ ಬಲ ಕಳ್ಕೊಳ್ಳುತ್ತೆ. ಯಾವುದು ಹೆಚ್ಚುವರಿ, ಯಾವುದು ಮೊದಲು ಮುಗಿಯುತ್ತೆ ಅಂತ ಪಿಯುಸಿ ಮೇಷ್ಟ್ರು ಕೇಳೋ ಪ್ರಶ್ನೆಗೆ ಇಲ್ಲಿ ಕೈಯೇ ಉತ್ತರ ಹೇಳ್ತಿತ್ತು. ಆಮೇಲೆ ಚರ್ಮದಲ್ಲಿ ಉಳಿದ ಸುಣ್ಣ ತೆಗೀಬೇಕು. ಅದಕ್ಕೆ ಹಲವು ಕಡೆ ತೌಡು ಹುಳಿಸಿದ ನೀರು ಬಳಸ್ತಿದ್ರು. ಆಮ್ಲ, ಪ್ರತ್ಯಾಮ್ಲ, ತಟಸ್ಥೀಕರಣ, ಎಲ್ಲಾ ಆ ಒಂದು ತೊಟ್ಟಿಯಲ್ಲೇ. ಕೊನೆಗೆ ತಂಗಡಿ ತೊಗಟೆ, ಅಳಲೆಕಾಯಿ. ಅದರ ಒಗರು ಚರ್ಮದ ಪ್ರೋಟೀನಿಗೆ ಅಂಟಿಕೊಂಡು ಕೊಳೆಯದ ಹಾಗೆ ಕಾಪಾಡುತ್ತೆ.

ಯುರೋಪಿನಲ್ಲಿ ಈ ವಿದ್ಯೆಗೆ ತಕ್ಕಡಿ ಬಂದದ್ದು ತೀರಾ ಹಳೇ ಕಾಲದಲ್ಲೇನಲ್ಲ. ಸ್ಕಾಟ್ಲೆಂಡಿನ ಜೋಸೆಫ್ ಬ್ಲಾಕ್ ಸುಣ್ಣ, ಮೆಗ್ನೀಷಿಯಾ ಸುಟ್ಟು ತೂಗಿ, ಕಮ್ಮಿಯಾದ ತೂಕ ಒಂದು ಗಾಳಿಯಾಗಿ ಹೋಗಿದೆ ಅಂತ ಪ್ರಕಟಿಸಿದ್ದು 1756ರಲ್ಲಿ. ಲವಾಸಿಯೆ ರಾಶಿ ಸಂರಕ್ಷಣೆಯ ಮಾತನ್ನು ತನ್ನ ಪುಸ್ತಕದಲ್ಲಿ ಬರೆದದ್ದು 1789ರಲ್ಲಿ. ಇಷ್ಟು ಆಮ್ಲಕ್ಕೆ ಎಷ್ಟು ಪ್ರತ್ಯಾಮ್ಲ ಬೇಕು ಅಂತ ಅಳೆದ ಜರ್ಮನಿಯ ರಿಕ್ಟರ್ ಸ್ಟಾಯ್ಕಿಯೋಮೆಟ್ರಿ ಅನ್ನೋ ಪದ ಹುಟ್ಟಿಸಿದ್ದು 1792ರಲ್ಲಿ. 1803ರಲ್ಲಿ ಹಂಫ್ರಿ ಡೇವಿ, ಅಂದರೆ ಮುಂದೆ ಸೋಡಿಯಂ, ಪೊಟ್ಯಾಸಿಯಂ ಬೇರ್ಪಡಿಸಿದ ಅದೇ ಡೇವಿ, ಚರ್ಮ ಹದ ಮಾಡೋ ಒಗರುಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಬರೆದ. ಅವನು ಓಕ್ ತೊಗಟೆ ಜೊತೆ ಹೋಲಿಸಿ ನೋಡಿದ ವಸ್ತುಗಳಲ್ಲಿ ಬಾಂಬೆ, ಬಂಗಾಳದಿಂದ ಹೋದ ಕಾಚೂ ಇತ್ತು. ಅಲ್ಲಿ ಚರ್ಮದ ತೊಟ್ಟಿ ವಿಜ್ಞಾನಿಯ ಮೇಜಿಗೆ ಬಂತು. ಇಲ್ಲಿ ಅದು ಊರಾಚೆಗೇ ಉಳೀತು. (ವೀಳ್ಯಕ್ಕೆ ಸುಣ್ಣವೂ ಹಾಕ್ತೀವಿ, ಕಾಚೂ ಹಾಕ್ತೀವಿ. ತಟ್ಟೆಯಲ್ಲಿದ್ದರೆ ತಾಂಬೂಲ, ತೊಟ್ಟಿಯಲ್ಲಿದ್ದರೆ ಮೈಲಿಗೆ!)

ತಕ್ಕಡಿ ಹಿಡಿದು ಬರೆದಿಡೋಕೆ ಅಕ್ಷರ ಬೇಕು. ಸಾರ್ವಜನಿಕ ಶಾಲೆಗಳಲ್ಲಿ ಜಾತಿ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಬಾರದು ಅಂತ ಮೈಸೂರು ಸರ್ಕಾರ ಆದೇಶ ಮಾಡಿದ್ದು 1915ರಲ್ಲಿ. ಹುಣಸೂರಿನ ಕಾರ್ಖಾನೆ ಮುಚ್ಚಿ ಅರ್ಧ ಶತಮಾನ ಆದ ಮೇಲೆ. ಸೈನ್ಯಕ್ಕೆ ಚರ್ಮ ಬೇಕಾದಾಗ ತೆರೆದ ಬಾಗಿಲು, ಮಗುವಿಗೆ ಸ್ಲೇಟು ಬೇಕಾದಾಗ ತೆರೆಯಲಿಲ್ಲ. ಆದೇಶ ಬಂದ ಮೇಲೂ ಬೆಂಚು ಸಿಕ್ಕಿತು ಅಂತಲ್ಲ. ಬಾಬಾಸಾಹೇಬರನ್ನು ಮೇಷ್ಟ್ರು ಬೋರ್ಡಿಗೆ ಕರೆದಾಗ ಬೋರ್ಡಿನ ಹಿಂದೆ ಇಟ್ಟಿದ್ದ ಊಟದ ಡಬ್ಬಿಗಳನ್ನು ಎತ್ತಿಕೊಳ್ಳೋಕೆ ಹುಡುಗರು ಓಡಿದ್ದನ್ನು ಅವರ ಜೀವನ ಚರಿತ್ರೆ ಓದಿದವರು ಮರೆತಿರಲ್ಲ. ಅದು ಬಾಂಬೆ ಶಹರದ ಹೈಸ್ಕೂಲಿನಲ್ಲಿ. ನಮ್ಮ ಕಾಲದಲ್ಲೂ ಸ್ಪಿರಿಟ್ ಲ್ಯಾಂಪ್ ಹಚ್ಚೋಕೆ ಮೊದಲ ಬೆಂಚಿನ ಹುಡುಗರು, ಪ್ರನಾಳ ತೊಳೆಯೋಕೆ ನಾವು ಅನ್ನೋದು ಯಾರೂ ಬರೆಯದ ಟೈಮ್‌ಟೇಬಲ್ ಆಗಿತ್ತು.

ಇಲ್ಲಿ ಒಂದು ಮಾತು ಖಡಾಖಂಡಿತ ಹೇಳಬೇಕು. ‘ನಿಮ್ಮ ಕುಲಕಸುಬಿನಲ್ಲಿ ಎಷ್ಟು ವಿಜ್ಞಾನ ಇದೆ ನೋಡಿ’ ಅಂತ ಬೆನ್ನು ತಟ್ಟೋಕೆ ಬರೋರಿದ್ದಾರೆ. ಅವರ ಹತ್ತಿರ ಹುಷಾರು. 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಮಕ್ಕಳನ್ನು ಓದಿಸಿ ಅಂದರು. ತೊಟ್ಟಿಯನ್ನು ಪೂಜೆ ಮಾಡಿ ಅನ್ನಲಿಲ್ಲ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದಿದ್ದಕ್ಕೆ ನಮ್ಮವರನ್ನು ಕಟ್ಟಿ ಹೊಡೆದರು. ಆಮೇಲೆ ಹಸುವಿನ ಬಾಲ ನೀವೇ ಇಟ್ಕೊಳ್ಳಿ, ನಮ್ಮ ಭೂಮಿ ಕೊಡಿ ಅಂತ ಕೂಗೆದ್ದಿದ್ದು ಗೊತ್ತಲ್ಲ. ಕೆಲಸ ನಮಗೆ ಬೇಡ. ಆ ಕೆಲಸದಲ್ಲಿ ಕೂಡಿಟ್ಟ ತಿಳಿವಳಿಕೆ ಇದೆಯಲ್ಲ, ಅದರ ಹಕ್ಕು ಬಿಡಲ್ಲ. ಎರಡೂ ಒಂದೇ ಬಾಯಲ್ಲಿ ಹೇಳೋಕೆ ಬರುತ್ತೆ ನಮಗೆ.

ಅದಕ್ಕೇ ಮೇಷ್ಟ್ರುಗಳಿಗೆ ಒಂದು ವಿನಂತಿ. ಈ ಚರಿತ್ರೆಯನ್ನು ಇಡೀ ಕ್ಲಾಸಿಗೆ ಹೇಳಿ. ಒಂದು ಮಗುವನ್ನು ಎಬ್ಬಿಸಿ ‘ನಿಮ್ಮ ತಾತ ಚರ್ಮ ಹೇಗೆ ಹದ ಮಾಡ್ತಿದ್ರು ಹೇಳು’ ಅಂತ ಮಾತ್ರ ಕೇಳಬೇಡಿ. ಆ ಮಗು ಮಾರನೇ ದಿನ ಬರಲ್ಲ, ಬಂದರೂ ಪಿಯುಸಿಯಲ್ಲಿ ಸೈನ್ಸ್ ತಗೊಳಲ್ಲ. ಲೆಕ್ಕ ಮಾಡೋಕೆ ಮಾತ್ರ ಎಲ್ಲರನ್ನೂ ಕರೀರಿ, ಹಿಂದಿನ ಬೆಂಚಿನಿಂದ ಶುರು ಮಾಡಿ. ಸುಟ್ಟ ಸುಣ್ಣದ ಪ್ರಯೋಗ ಮಾಡೋವಾಗ ಕಣ್ಣಿಗೆ ಕನ್ನಡಕ ಕೊಡಿ, ಚಿಟಿಕೆ ಸುಣ್ಣ ಸಾಕು. ಸಿಡಿದು ಕಣ್ಣಿಗೆ ಬಿದ್ದರೆ ಅದು ಆಟವಲ್ಲ.

ಇವತ್ತು ಸಂಜೆ ಮನೆಯಲ್ಲಿ ಮಕ್ಕಳಿಗೆ ಕೊಡೋಕೆ ಒಂದು ಲೆಕ್ಕ ಇಲ್ಲಿದೆ. ಒಂದು ತೊಟ್ಟಿಗೆ 37 ಕೆ.ಜಿ. ಅರಳಿದ ಸುಣ್ಣ ಬೇಕು. ಸುಣ್ಣದ ಕಲ್ಲು ಎಷ್ಟು ಸುಡಬೇಕು, ಗಾಳಿಗೆ ಎಷ್ಟು ಹೋಗುತ್ತೆ, ಅರಳಿಸೋಕೆ ಎಷ್ಟು ನೀರು? ಉತ್ತರ ಕಾಮೆಂಟಿನಲ್ಲಿ ಮಕ್ಕಳ ಕೈಯಿಂದಲೇ ಬರೆಸಿ.