ಗುಪ್ತ ವರದಿಯಿಂದ ಬಹುಮೂಲ ಅಭಿಪ್ರಾಯದವರೆಗೆ: ನೌಕರರ ಮೌಲ್ಯಮಾಪನದ ಚರಿತ್ರೆ

ದುಡಿಯುವವನ ಯೋಗ್ಯತೆಯನ್ನು ಅವನ ಮೇಲಧಿಕಾರಿಯೇ ನಿರ್ಣಯಿಸಬೇಕೆಂಬ ವ್ಯವಸ್ಥೆ ಕಾರ್ಖಾನೆ, ಸೇನೆ ಮತ್ತು ಸರ್ಕಾರಿ ಕಚೇರಿ ಈ ಮೂರರಲ್ಲೂ ಬಹುಕಾಲ ಯಾರ ಪ್ರಶ್ನೆಗೂ ಒಳಗಾಗದೆ ನಡೆದುಬಂದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದಕ್ಕೆ ಪರ್ಯಾಯವಾಗಿ ಬೆಳೆದ ಬಹುಮೂಲ ಅಭಿಪ್ರಾಯ ಪದ್ಧತಿಯಲ್ಲಿ ಮೇಲಿನವರ ಜೊತೆಗೆ ಸಹೋದ್ಯೋಗಿಗಳು, ಕೈಕೆಳಗಿನವರು, ಕೆಲವೊಮ್ಮೆ ಹೊರಗಿನ ಗ್ರಾಹಕರು ಕೂಡ ಒಬ್ಬ ನೌಕರನ ಕುರಿತು ಅಭಿಪ್ರಾಯ ನೀಡುತ್ತಾರೆ. ಸುತ್ತಲಿನ ಎಲ್ಲ ದಿಕ್ಕುಗಳಿಂದಲೂ ಅಭಿಪ್ರಾಯ ಬರುವುದರಿಂದ ಅದಕ್ಕೆ '360 ಡಿಗ್ರಿ ಫೀಡ್‌ಬ್ಯಾಕ್' ಎಂಬ ಹೆಸರು ಬಂದಿದೆ. ಈ ಪದ್ಧತಿಯ ಚರಿತ್ರೆಯನ್ನು ಸಾಮಾನ್ಯವಾಗಿ ಅಭಿಪ್ರಾಯ ಹೇಳುವವರ ಸಂಖ್ಯೆ ಹೆಚ್ಚುತ್ತ ಹೋದ ಕಥೆಯಾಗಿ ಬರೆಯಲಾಗುತ್ತದೆ. ಆದರೆ ಬರೆದದ್ದನ್ನು ಓದುವವರು ಯಾರು, ಅದಕ್ಕೆ ಉತ್ತರ ಕೊಡುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯ ಬೆನ್ನು ಹಿಡಿದರೆ ಅದೇ ಚರಿತ್ರೆ ಬೇರೊಂದು ದಾರಿಯಲ್ಲಿ ಸಾಗುತ್ತದೆ; ಭಾರತದ ನಾಗರಿಕ ಸೇವೆಗಳ ಮಟ್ಟಿಗಂತೂ ಈ ಪ್ರಶ್ನೆಯೇ ನಿರ್ಣಾಯಕವಾಗಿದೆ.

ಸ್ಕಾಟ್ಲೆಂಡಿನ ನ್ಯೂ ಲೆನಾರ್ಕ್ ಹತ್ತಿ ಗಿರಣಿಯ ಆಡಳಿತವನ್ನು 1800ರಲ್ಲಿ ವಹಿಸಿಕೊಂಡ ರಾಬರ್ಟ್ ಓವೆನ್ ಪ್ರತಿಯೊಬ್ಬ ಕೆಲಸಗಾರನ ಬಳಿ ನಾಲ್ಕು ಮುಖಗಳ ಪುಟ್ಟ ಮರದ ತುಂಡೊಂದನ್ನು ತೂಗುಹಾಕಿಸಿದನು. ಕಪ್ಪು ಕೆಟ್ಟದ್ದಕ್ಕೆ, ನೀಲಿ ಸಾಧಾರಣಕ್ಕೆ, ಹಳದಿ ಒಳ್ಳೆಯದಕ್ಕೆ, ಬಿಳಿ ಶ್ರೇಷ್ಠತೆಗೆ ಗುರುತಾಗಿದ್ದು, ಹಿಂದಿನ ದಿನದ ನಡತೆಗೆ ತಕ್ಕ ಬಣ್ಣ ಎದುರಿಗೆ ಕಾಣುವಂತೆ ಮೇಲ್ವಿಚಾರಕನು ಅದನ್ನು ತಿರುಗಿಸಿಡುತ್ತಿದ್ದನು ಮತ್ತು ದಿನದಿನದ ಬಣ್ಣವು ನಡತೆಯ ಪುಸ್ತಕವೊಂದರಲ್ಲಿ ದಾಖಲಾಗುತ್ತಿತ್ತು. 'ಮೌನ ನಿಯಂತ್ರಕ' ಎನಿಸಿಕೊಂಡ ಈ ಏರ್ಪಾಟಿನಲ್ಲಿ ಅಭಿಪ್ರಾಯವು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತಿತ್ತು, ಅವಮಾನವೂ ಎಲ್ಲರ ಕಣ್ಣೆದುರಿಗೇ ಆಗುತ್ತಿತ್ತು. ಹಾಗಿದ್ದರೂ ತನಗೆ ಅನ್ಯಾಯವಾಯಿತೆಂದು ತೋರಿದ ಕೆಲಸಗಾರನು ನೇರವಾಗಿ ಓವೆನ್ನನಲ್ಲಿಗೆ ಹೋಗಿ ದೂರು ಕೊಡಬಹುದಾಗಿತ್ತು. ನಂತರದ ಎಷ್ಟೋ ಸುಧಾರಿತ ಪದ್ಧತಿಗಳಲ್ಲಿ ಈ ಅವಕಾಶ ಉಳಿಯಲಿಲ್ಲವೆಂಬುದು ಗಮನಾರ್ಹ.

ಒಬ್ಬನನ್ನು ಹಲವರ ಕಣ್ಣಿನಿಂದ ಅಳೆಯುವ ಪ್ರಯತ್ನ ಸೇನೆಗಳಲ್ಲಿ ಮೊದಲಾಯಿತು. ಜರ್ಮನ್ ಸೇನೆಯು ಎರಡು ಮಹಾಯುದ್ಧಗಳ ನಡುವಿನ ಅವಧಿಯಲ್ಲಿ ಅಧಿಕಾರಿ ಹುದ್ದೆಯ ಅಭ್ಯರ್ಥಿಗಳನ್ನು ಸೇನಾಧಿಕಾರಿ, ಮನಶ್ಶಾಸ್ತ್ರಜ್ಞ ಮತ್ತು ವೈದ್ಯರ ಮಂಡಲಿಯೊಂದರ ಮುಂದೆ ನಿಲ್ಲಿಸಿ ಪರೀಕ್ಷಿಸುತ್ತಿತ್ತು. 1942ರಲ್ಲಿ ಬ್ರಿಟಿಷರು ಆರಂಭಿಸಿದ ಆಯ್ಕೆ ಮಂಡಲಿಗಳು ಇದೇ ಜಾಡಿನಲ್ಲಿ ನಡೆದವು, ಮತ್ತು ಬೆಂಗಳೂರು, ಮೈಸೂರುಗಳಲ್ಲಿ ಇಂದು ಭಾರತೀಯ ಸೇನಾಪಡೆಗಳಿಗೆ ಅಧಿಕಾರಿಗಳನ್ನು ಆರಿಸುವ ಮಂಡಲಿಗಳು ಆ ಪರಂಪರೆಗೇ ಸೇರಿವೆ. ಬಹುಮೂಲ ಪದ್ಧತಿಯ ಮೂಲವನ್ನು ಜರ್ಮನ್ ಸೇನೆಯಲ್ಲಿ ಗುರುತಿಸುವ ವಾಡಿಕೆ ನಿರ್ವಹಣಾ ಗ್ರಂಥಗಳಲ್ಲಿ ಇದೆಯಾದರೂ, ಅಲ್ಲಿ ಅಳೆಯುವವರು ಹಲವರಿದ್ದರೂ ಅವರೆಲ್ಲರೂ ಅಭ್ಯರ್ಥಿಗಿಂತ ಮೇಲಿನ ಸ್ಥಾನದವರೇ ಆಗಿದ್ದರೆಂಬುದನ್ನು ಮರೆಯಲಾಗದು. ಸಮಾನರ ಅಭಿಪ್ರಾಯಕ್ಕೆ ನಿಜವಾಗಿ ಬೆಲೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ತರಬೇತಿ ಶಿಬಿರಗಳಲ್ಲಿ. ಜೊತೆಗೆ ತರಬೇತಿ ಪಡೆಯುವವರು ಒಬ್ಬರನ್ನೊಬ್ಬರು ಅಂದಾಜು ಮಾಡುವ ಈ ಕ್ರಮದ ಫಲಿತಾಂಶ ಮುಂದಿನ ನಾಯಕತ್ವವನ್ನು ಸಾಕಷ್ಟು ಚೆನ್ನಾಗಿಯೇ ಸೂಚಿಸುತ್ತದೆಂದು 1947ರ ಹೊತ್ತಿಗೆ ಸಂಶೋಧಕರು ಪ್ರಕಟಿಸಿದರು.

ಕೈಕೆಳಗಿನವರು ಮೇಲಧಿಕಾರಿಯ ಕುರಿತು ಪ್ರಶ್ನಾವಳಿ ತುಂಬುವ ಪ್ರಯೋಗವನ್ನು 1950ರ ದಶಕದಲ್ಲಿ ಎಸ್ಸೊ ತೈಲ ಸಂಸ್ಥೆಯ ಸಂಶೋಧನಾ ಶಾಖೆ ನಡೆಸಿತು, ಮತ್ತು ಅದರ ಉದ್ದೇಶ ಆ ಮೇಲಧಿಕಾರಿಯ ಸ್ವಂತ ಬೆಳವಣಿಗೆಯಾಗಿತ್ತು. ಅಮೆರಿಕದ ಗ್ರೀನ್ಸ್‌ಬರೋದಲ್ಲಿ 1970ರಲ್ಲಿ ಸ್ಥಾಪನೆಯಾದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಕೂಡ ಈ ವಿಧಾನವನ್ನು ವ್ಯಕ್ತಿಯ ಬೆಳವಣಿಗೆಯ ಸಾಧನವಾಗಿಯೇ ಬಳಸಿತು. 1990ರ ದಶಕದಲ್ಲಿ ದೊಡ್ಡ ಕಂಪನಿಗಳು ಒಂದರ ಹಿಂದೊಂದು ಇದನ್ನು ಕೈಗೆತ್ತಿಕೊಂಡಾಗ ಅದೇ ಅಂಕಗಳು ಸಂಬಳ ಮತ್ತು ಬಡ್ತಿಯ ತೀರ್ಮಾನಕ್ಕೂ ಬಳಕೆಯಾಗತೊಡಗಿದವು. ತಿದ್ದಿಕೊಳ್ಳಲೆಂದು ಹೇಳಿದ ಮಾತಿಗೂ ತೀರ್ಪಾಗಿ ಬರೆದ ಮಾತಿಗೂ ಇರುವ ಅಂತರವು ಈ ಹಂತದಲ್ಲಿ ಮಸುಕಾಯಿತು. ಕ್ಲೂಗರ್ ಮತ್ತು ಡಿನೀಸಿ ಎಂಬ ಸಂಶೋಧಕರು 1996ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಅಭಿಪ್ರಾಯ ತಿಳಿಸುವುದರಿಂದ ಸರಾಸರಿಯಲ್ಲಿ ಕೆಲಸ ಸುಧಾರಿಸಿದರೂ ಮೂರರಲ್ಲೊಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಅದು ಹದಗೆಟ್ಟಿತೆಂದು ತೋರಿಸಿದರು. ಭಾರತದಲ್ಲಿ ಬೆಂಗಳೂರಿನ ವಿಪ್ರೊ ಇದನ್ನು ಮೊದಲಿಗೆ ಅಳವಡಿಸಿಕೊಂಡ ಸಂಸ್ಥೆಗಳಲ್ಲಿ ಒಂದಾದರೆ, ಎಚ್‌ಸಿಎಲ್ ಟೆಕ್ನಾಲಜೀಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ವಿನೀತ್ ನಾಯರ್ ತಮಗೆ ಬಂದ ಅಂಕಗಳನ್ನು ಸಂಸ್ಥೆಯ ಒಳಜಾಲದಲ್ಲಿ ಎಲ್ಲ ನೌಕರರೂ ಓದುವಂತೆ ಪ್ರಕಟಿಸಿದರು.

ಸರ್ಕಾರಿ ಕಚೇರಿಯ ಪರಂಪರೆ ಇದಕ್ಕೆ ತೀರ ವಿರುದ್ಧವಾಗಿತ್ತು. ವಸಾಹತು ಆಡಳಿತದಿಂದ ಬಳುವಳಿಯಾಗಿ ಬಂದ ವಾರ್ಷಿಕ ಗುಪ್ತ ವರದಿಯನ್ನು, ಅಂದರೆ ಕರ್ನಾಟಕದ ನೌಕರರ ಬಾಯಲ್ಲಿ 'ಸಿ.ಆರ್.' ಎಂದೇ ಹೆಸರಾದ ದಾಖಲೆಯನ್ನು, ಅಖಿಲ ಭಾರತ ಸೇವೆಗಳಿಗೆ ಸಂಬಂಧಿಸಿದಂತೆ 1970ರ ನಿಯಮಗಳು ಕ್ರಮಬದ್ಧಗೊಳಿಸಿದವು. ಪ್ರತಿಕೂಲ ಷರಾ ಇದ್ದರೆ ಮಾತ್ರ ಅದನ್ನು ಸಂಬಂಧಪಟ್ಟವರಿಗೆ ತಿಳಿಸುವುದು ವಾಡಿಕೆಯಾಗಿತ್ತು. ಉಳಿದಂತೆ ತನ್ನ ಬಗ್ಗೆ ವರ್ಷವರ್ಷವೂ ಏನನ್ನು ಬರೆಯಲಾಗುತ್ತಿದೆಯೆಂಬುದು ನೌಕರನಿಗೆ ಗೊತ್ತಾಗುತ್ತಿರಲಿಲ್ಲ. 'ಸಿ.ಆರ್. ಕೆಡಿಸುವುದು' ಎಂಬ ಮಾತು ಕಚೇರಿಗಳಲ್ಲಿ ಬೆದರಿಕೆಯಾಗಿ ಚಾಲ್ತಿಗೆ ಬರಲು ಈ ಗೋಪ್ಯತೆಯೇ ಕಾರಣ. ನೌಕರನಿಗೆ ತಿಳಿಸದ ಪ್ರತಿಕೂಲ ಷರಾವನ್ನು ಆಧರಿಸಿ ಬಡ್ತಿ ನಿರಾಕರಿಸುವುದು ನ್ಯಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1979ರಲ್ಲಿ ಗುರುದಯಾಳ್ ಸಿಂಗ್ ಫಿಜ್ಜಿ ಪ್ರಕರಣದಲ್ಲಿ ಹೇಳಿದ ಮೇಲೂ ಉಳಿದ ಷರಾಗಳು ಕಡತದೊಳಗೇ ಉಳಿದವು.

ಈ ಗೋಡೆ ಬಿರುಕು ಬಿಟ್ಟದ್ದು 2008ರ ಮೇ ತಿಂಗಳಲ್ಲಿ, ದೇವ್ ದತ್ ಪ್ರಕರಣದಿಂದ. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿದ್ದ ಅರ್ಜಿದಾರರಿಗೆ 1993-94ನೇ ಸಾಲಿನಲ್ಲಿ 'ಉತ್ತಮ' ಎಂಬ ಶ್ರೇಣಿ ದೊರೆತಿತ್ತು. ಬಡ್ತಿಗೆ ಬೇಕಾಗಿದ್ದದ್ದು 'ಅತ್ಯುತ್ತಮ'. 'ಉತ್ತಮ' ಎಂಬುದು ಪ್ರತಿಕೂಲ ಷರಾ ಅಲ್ಲದ ಕಾರಣ ಅದನ್ನು ಯಾರೂ ಅವರಿಗೆ ತಿಳಿಸಿರಲಿಲ್ಲ, ಆದರೆ ಆ ಶ್ರೇಣಿಯೇ ಅವರ ಬಡ್ತಿಯನ್ನು ತಪ್ಪಿಸಿತು. ಹೊಗಳಿಕೆಯಂತೆ ಕಾಣುವ ಷರಾ ಕೂಡ ಪರಿಣಾಮದಲ್ಲಿ ಪ್ರತಿಕೂಲವಾಗಬಹುದೆಂದು ಮನಗಂಡ ನ್ಯಾಯಮೂರ್ತಿಗಳಾದ ಎಚ್.ಕೆ. ಸೇಮಾ ಮತ್ತು ಮಾರ್ಕಂಡೇಯ ಕಾಟ್ಜು ಅವರ ಪೀಠವು, ಸೇನಾಧಿಕಾರಿಗಳನ್ನು ಹೊರತುಪಡಿಸಿ ಉಳಿದ ಸರ್ಕಾರಿ ನೌಕರರಿಗೆ ಪ್ರತಿಯೊಂದು ಷರಾವನ್ನೂ ತಿಳಿಸಬೇಕು, ಅದರ ವಿರುದ್ಧ ಮನವಿ ಸಲ್ಲಿಸಲು ಅವಕಾಶ ಕೊಡಬೇಕು ಎಂದು ತೀರ್ಪಿತ್ತಿತು. ಕೇಂದ್ರ ಸರ್ಕಾರವು 2009ರ ಮೇ 14ರ ಆದೇಶದ ಮೂಲಕ 2008-09ನೇ ಸಾಲಿನಿಂದ ಪೂರ್ಣ ವರದಿಯನ್ನೇ ನೌಕರರಿಗೆ ತೋರಿಸುವ ಕ್ರಮವನ್ನು ಜಾರಿಗೆ ತಂದಿತು. 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಈ ನಿಲುವನ್ನು ಎತ್ತಿಹಿಡಿಯಿತು. ಇಷ್ಟರಲ್ಲಿ 2007ರ ಹೊಸ ನಿಯಮಗಳು ಅಖಿಲ ಭಾರತ ಸೇವೆಗಳ ವರದಿಯಿಂದ 'ಗುಪ್ತ' ಎಂಬ ವಿಶೇಷಣವನ್ನೇ ತೆಗೆದು ಹಾಕಿ ಒಂದರಿಂದ ಹತ್ತರವರೆಗಿನ ಅಂಕಗಳನ್ನು ತಂದಿದ್ದವು, ಮತ್ತು ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಂ. ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗ ತನ್ನ ಹತ್ತನೆಯ ವರದಿಯಲ್ಲಿ ಮೌಲ್ಯಮಾಪನವು ಇನ್ನಷ್ಟು ಸಮಾಲೋಚನೆಯಿಂದ ಕೂಡಿ ಪಾರದರ್ಶಕವಾಗಿರಬೇಕೆಂದು ಶಿಫಾರಸು ಮಾಡಿತು.

ಪಾರದರ್ಶಕತೆಗೆ ತೊಂದರೆಯಿಲ್ಲದೇ ಇರಲಿಲ್ಲ. ವರದಿಯನ್ನು ನೌಕರನೇ ಓದುತ್ತಾನೆಂದು ತಿಳಿದ ಮೇಲೆ ಕಡಿಮೆ ಅಂಕ ಕೊಟ್ಟು ಮನವಿ, ಮೊಕದ್ದಮೆಗಳನ್ನು ಮೈಮೇಲೆ ಎಳೆದುಕೊಳ್ಳಲು ಮೇಲಧಿಕಾರಿಗಳು ಹಿಂಜರಿದರು, ಬಹುತೇಕರ ಅಂಕಗಳು ಒಂಬತ್ತು-ಹತ್ತರ ಆಸುಪಾಸಿಗೆ ಏರಿದವು ಮತ್ತು ಯೋಗ್ಯರನ್ನು ಆರಿಸಲು ವರದಿಯೊಂದೇ ಸಾಲದಾಯಿತು. ಈ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರವು 2015ರ ಸುಮಾರಿಗೆ ಉನ್ನತ ಹುದ್ದೆಗಳ ಅರ್ಹರ ಪಟ್ಟಿ ಸಿದ್ಧಪಡಿಸುವಾಗ ಬಹುಮೂಲ ಅಭಿಪ್ರಾಯವನ್ನು ಸೇರಿಸಿಕೊಂಡಿತು. ತಜ್ಞರ ಸಮಿತಿಯು ಅಧಿಕಾರಿಯ ಹಿರಿಯರು, ಸಮಾನರು, ಕಿರಿಯರು ಮತ್ತು ಸೇವೆಯ ಹೊರಗಿನವರನ್ನು ವಿಚಾರಿಸಿ ಅವರ ಪ್ರಾಮಾಣಿಕತೆ ಹಾಗೂ ವರ್ತನೆಯ ಕುರಿತು ಅಭಿಪ್ರಾಯ ಸಂಗ್ರಹಿಸುವುದು ಇದರ ಕ್ರಮ. ಸಿಬ್ಬಂದಿ ವಿಷಯಗಳ ಸಂಸದೀಯ ಸ್ಥಾಯಿ ಸಮಿತಿ 2017ರ ಆಗಸ್ಟ್‌ನಲ್ಲಿ ಸಲ್ಲಿಸಿದ ತನ್ನ 92ನೆಯ ವರದಿಯಲ್ಲಿ ಈ ಕ್ರಮವನ್ನು ಅಪಾರದರ್ಶಕವೆಂದೂ ವ್ಯಕ್ತಿನಿಷ್ಠವೆಂದೂ ಟೀಕಿಸಿತು. ಅಭಿಪ್ರಾಯವನ್ನು ಅನೌಪಚಾರಿಕವಾಗಿ ಪಡೆಯುವುದರಿಂದ ಅದನ್ನು ತಿರುಚಲು ಸಾಧ್ಯವಿದೆ ಎಂಬುದೂ, ಅಧಿಕಾರಿಯು ಶಿಸ್ತಿಗೊಳಪಡಿಸಿದ ಕಿರಿಯರು ಅಥವಾ ಅವರಿಂದ ಪ್ರಯೋಜನ ದೊರೆಯದ ಹೊರಗಿನವರು ನಿಷ್ಪಕ್ಷಪಾತಿಗಳಾಗಿರುವ ಭರವಸೆಯಿಲ್ಲ ಎಂಬುದೂ ಸಮಿತಿಯ ಆಕ್ಷೇಪಗಳಾಗಿದ್ದವು.

ಆಕ್ಷೇಪ ಸರಿಯಾಗಿಯೇ ಇದೆ, ಆದರೆ ದೋಷವನ್ನು ಬಹುಮೂಲ ಪದ್ಧತಿಯ ಮೇಲೆ ಮಾತ್ರ ಹೊರಿಸುವುದು ಸಲ್ಲದು. ಹಲವರನ್ನು ಕೇಳುವುದು ಒಬ್ಬನ ಪೂರ್ವಗ್ರಹಕ್ಕೆ ಮದ್ದಾಗಬಲ್ಲದು. ಕೇಳಿದ್ದನ್ನು ಬರಹದಲ್ಲಿ ಇಡದೆ, ಸಂಬಂಧಪಟ್ಟವನಿಗೆ ತಿಳಿಸದೆ ಹೋದಾಗ ಆ ಮದ್ದು ಹಳೆಯ ರೋಗವನ್ನೇ ಮರಳಿ ತರುತ್ತದೆ. ಮೇಲಧಿಕಾರಿ ಬರೆದ ವಾರ್ಷಿಕ ವರದಿಯ ಒಂದೊಂದು ಅಂಕವನ್ನೂ ನೋಡಿ ಅದರ ವಿರುದ್ಧ ಮನವಿ ಸಲ್ಲಿಸುವ ಹಕ್ಕನ್ನು ಪಡೆದ ಅಧಿಕಾರಿಗೆ, ಅದೇ ಬಡ್ತಿಯ ಹಾದಿಯಲ್ಲಿ ಹತ್ತಾರು ಮಂದಿ ತನ್ನ ಬಗ್ಗೆ ಆಡಿದ ಮಾತು ಕಾಣಸಿಗುವುದಿಲ್ಲ.