ಬುರುಡೆ ಓದಿದವರ ಕಥೆ

ನಮ್ಮ ಜಹೀರಾಬಾದ್ ಮತ್ತು ನಾರಾಯಣಖೇಡಗಳು 1956ರವರೆಗೆ ಬೀದರ ಜಿಲ್ಲೆಗೂ, ತಾಂಡೂರು ಕಲಬುರ್ಗಿ ಜಿಲ್ಲೆಗೂ ಸೇರಿದ್ದವು. ನಿಜಾಮರ ಸೇವೆಯಲ್ಲಿದ್ದು, ಮುಂದೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಠಕ್ಕರನ್ನು ಕುರಿತು 1839ರಲ್ಲಿ ಪ್ರಕಟಿಸಿದ ಕಾದಂಬರಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಆದರೆ ಅದಕ್ಕೂ ಮುಂಚೆಯೇ ಠಕ್ಕರ ತಲೆಗಳು ಆ ದ್ವೀಪವನ್ನು ಸೇರಿದ್ದವು.

ವಿಯೆನ್ನಾದ ವೈದ್ಯ ಗಾಲ್ ಎಂಬವನು ಮಿದುಳನ್ನು 27 ಶಕ್ತಿಗಳ ನೆಲೆಯೆಂದು ಎಣಿಸಿ, ಅವುಗಳ ಹೆಚ್ಚು ಕಡಿಮೆ ತಲೆಬುರುಡೆಯ ಉಬ್ಬುತಗ್ಗುಗಳಲ್ಲಿ ತೋರುತ್ತದೆಂದು ಸಾರಿದನು. ಇದೇ ಫ್ರೆನಾಲಜಿ, ಅಂದರೆ ಕಪಾಲ ಸಾಮುದ್ರಿಕ. ಎಡಿನ್‌ಬರೋ ನಗರದಲ್ಲಿ 1820ರಲ್ಲಿ ಇದಕ್ಕೊಂದು ಸಂಘವೇ ಹುಟ್ಟಿತು. ಮಧ್ಯಭಾರತದ ಸಾಗರದಲ್ಲಿದ್ದ ಕಂಪನಿ ಸರ್ಕಾರದ ವೈದ್ಯ ಹೆನ್ರಿ ಸ್ಪ್ರೈ, ಗಲ್ಲಿಗೇರಿದ ಏಳು ಮಂದಿ ಠಕ್ಕರ ಬುರುಡೆಗಳನ್ನು ಆ ಸಂಘಕ್ಕೆ ಕಳುಹಿಸಿದನು. 1834ರಲ್ಲಿ ರಾಬರ್ಟ್ ಕಾಕ್ಸ್ ಅವನ್ನು ಅಳೆದನು.

ಮುಂದಿನದು ಸ್ವಾರಸ್ಯಕರ. ಕೊಲೆಗಡುಕರಲ್ಲಿ ಎದ್ದು ಕಾಣಬೇಕಾದ ‘ವಿನಾಶ ಪ್ರವೃತ್ತಿ’ಯ ಉಬ್ಬು ಅವರಲ್ಲಿ ಯಾರಲ್ಲಿಯೂ ಪ್ರಧಾನವಾಗಿರಲಿಲ್ಲ! ಶಾಸ್ತ್ರ ಸುಳ್ಳಾಯಿತೆಂದು ಒಪ್ಪಬೇಕಿತ್ತು. ಕಾಕ್ಸ್ ಒಪ್ಪಲಿಲ್ಲ, ಧನಲೋಭ, ಬಾಲ್ಯದ ಸಂಸ್ಕಾರ ಮೊದಲಾದ ಕಾರಣಗಳನ್ನು ತಂದು ಶಾಸ್ತ್ರವನ್ನು ಉಳಿಸಿಕೊಂಡನು. ಉಬ್ಬಿದ್ದರೆ ಸಾಕ್ಷಿ, ಇಲ್ಲದಿದ್ದರೆ ಬೇರೊಂದು ವಿವರಣೆ. ಹೀಗೆ ಎಂದಿಗೂ ಸೋಲದ ಶಾಸ್ತ್ರವನ್ನು ಪರೀಕ್ಷಿಸುವುದಾದರೂ ಹೇಗೆ? ನಮ್ಮ ಭಾಷೆಯಲ್ಲಿ ‘ಬುರುಡೆ ಬಿಡುವುದು’ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಫ್ರಾನ್ಸಿನ ಫ್ಲೂರಾನ್ಸ್ ಪಕ್ಷಿಪ್ರಾಣಿಗಳ ಮಿದುಳಿನ ಮೇಲೆ ಪ್ರಯೋಗ ನಡೆಸಿ, ಗಾಲನ ವಿಭಾಗಗಳಿಗೆ ಆಧಾರವಿಲ್ಲವೆಂದು ವಾದಿಸಿದನು.

ಉಬ್ಬುಗಳ ಶಾಸ್ತ್ರವೇನೋ ಮೂಲೆ ಸೇರಿತು, ಅಳತೆಗೋಲು ಸೇರಲಿಲ್ಲ. 1901ರ ಜನಗಣತಿಯ ಮುಖ್ಯಸ್ಥ ರಿಸ್ಲಿ, ಮೂಗಿನ ಅಗಲ ಉದ್ದಗಳ ಲೆಕ್ಕದಿಂದ ಜಾತಿಗಳ ಮೇಲುಕೀಳನ್ನು ವಿವರಿಸಹೊರಟನು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಹುಟ್ಟಿನಿಂದಲೇ ಕಳ್ಳರೆಂದು ಸಮುದಾಯಗಳನ್ನು ಪಟ್ಟಿ ಮಾಡಿತು. ಅದು ರದ್ದಾದದ್ದು 1952ರಲ್ಲಿ.

ನಾವು ಇದನ್ನು ಪರರ ತಪ್ಪೆಂದು ಬರೆದು ಮುಗಿಸುವಂತಿಲ್ಲ. ಅಧ್ಯಾಪಕರಾಗಿದ್ದ ಮೊದಲ ವರ್ಷಗಳಲ್ಲಿ, ತಾಂಡಾದಿಂದ ಬಂದ ಬಾಲಕನೊಬ್ಬನನ್ನು ಮುಖ ನೋಡಿಯೇ ‘ಇವನಿಗೆ ಲೆಕ್ಕ ಹತ್ತುವುದಿಲ್ಲ’ ಎಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದೆವು. ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ತರಗತಿಯಲ್ಲೇ ಹೆಚ್ಚು ಅಂಕಗಳು ಅವನವು. ಉತ್ತರಪತ್ರಿಕೆಯನ್ನು ಎರಡು ಸಲ ತಿದ್ದಿ ನೋಡಿದೆವು, ಅವನು ಯಾರದ್ದನ್ನೋ ನೋಡಿ ಬರೆದಿರಬಹುದೆಂಬ ಸಂಶಯದಿಂದ.